ಅನ್ನದ ಚಿತ್ರಗಳಲ್ಲಿ ಬೀಜ ಎಲ್ಲಿದೆ?

ಹಸಿವು, ಬೇಸಾಯ, ಆಹಾರ ಭದ್ರತೆ ಕುರಿತ ಛಾಯಾಚಿತ್ರ ಸ್ಪರ್ಧೆಗಳಿಗೆ ಈಗ ಜಗತ್ತಿನಲ್ಲಿ ಬರವಿಲ್ಲ. ಬಹುಮಾನ ಪಡೆದ ಚಿತ್ರಗಳನ್ನು ನೋಡಿದರೆ ಕಣ್ಣು ತುಂಬುತ್ತದೆ. ಹೊಟ್ಟೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ಬ್ರಿಟನ್ನಿನಲ್ಲಿ ಸೇಬಿನ ಬ್ರಾಂಡೊಂದರ ಹೆಸರಿನಲ್ಲಿ 2011ರಲ್ಲಿ ಶುರುವಾದ 'ಪಿಂಕ್ ಲೇಡಿ' ಆಹಾರ ಛಾಯಾಗ್ರಹಣ ಸ್ಪರ್ಧೆಯನ್ನೇ ನೋಡಿ. 2022ರಲ್ಲಿ ಅದರ ಅಗ್ರ ಪ್ರಶಸ್ತಿ ಭಾರತದ ದೇಬದತ್ತ ಚಕ್ರವರ್ತಿಯವರಿಗೆ ಬಂತು. ಶ್ರೀನಗರದ ಖಯ್ಯಾಮ್ ಚೌಕಿನಲ್ಲಿ ಹೊಗೆಯ ನಡುವೆ ನಿಂತ ಕಬಾಬ್ ವ್ಯಾಪಾರಿಯ ಚಿತ್ರವದು. ಮರುವರ್ಷ ಗೆದ್ದದ್ದು ಜಾನ್ ಎನೋಕ್ ತೆಗೆದ, ಮುಂಬೈಯಲ್ಲಿ ಬಾಂಬೆ ಮಿಠಾಯಿ ಮಾರುವವನ ಚಿತ್ರ. ಎರಡರ ಕಸುಬುದಾರಿಕೆಗೂ ತಲೆದೂಗಲೇಬೇಕು. ದುಡಿಯುವವನನ್ನು ಇವು ಕರುಣೆಯ ವಸ್ತುವಾಗಿಸಿಲ್ಲ, ಅದು ಸಣ್ಣ ಮಾತಲ್ಲ. ಆದರೆ ಸಂಜೆ ಅವನ ಕಿಸೆಯಲ್ಲಿ ಉಳಿಯುವುದೆಷ್ಟು ಎಂಬುದನ್ನು ಹೊಗೆಯೂ ಹೇಳದು, ಬಣ್ಣವೂ ಹೇಳದು.

ಒಂದೇ ಚೌಕಟ್ಟಿನಲ್ಲಿ ಎಲ್ಲವೂ ಹಿಡಿಸಬೇಕೆ ಎಂದು ಕೇಳಬಹುದು. ಬೀದಿಯ ಒಂದು ಕ್ಷಣಕ್ಕೆ ಆ ವಿನಾಯಿತಿ ಕೊಡೋಣ. ಬೇಸಾಯಕ್ಕೆ ಕೊಡುವುದು ಕಷ್ಟ. ಬೇಸಾಯವೆಂದರೆ ಒಂದು ಕ್ಷಣವಲ್ಲ, ಒಂದು ವರ್ಷ.

ನಮ್ಮ ಧಾರವಾಡ ಜಿಲ್ಲೆಯಲ್ಲೇ ಇದಕ್ಕೆ ನಿದರ್ಶನವಿದೆ. ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ 'ಈಕ್ವೇಟರ್' ಪ್ರಶಸ್ತಿ ಬಂತು. 2018ರಲ್ಲಿ ಹುಟ್ಟಿದ ಸಂಘವಿದು. 'ಸಹಜ ಸಮೃದ್ಧ' ಸಂಸ್ಥೆಯ ಬೆಂಬಲದಿಂದ ಬೀಜ ಬ್ಯಾಂಕು ಕಟ್ಟಿದೆ, ಸೌರಶಕ್ತಿಯಲ್ಲಿ ಸಿರಿಧಾನ್ಯ ಸಂಸ್ಕರಿಸುತ್ತದೆ. ಈ ಹೆಂಗಸರನ್ನು ಯಾವುದಾದರೂ ಸ್ಪರ್ಧೆಗಾಗಿ ಚಿತ್ರಿಸುವವರು ಏನು ಹುಡುಕುತ್ತಾರೆ? ತಲೆಯ ಮೇಲೆ ಸೆರಗು, ಕೈಯಲ್ಲಿ ನವಣೆಯ ತೆನೆ, ಮುಖದಲ್ಲಿ ನಗು. ಅದಕ್ಕೊಂದು ಅಡಿಬರಹ: ಮುಸ್ಲಿಂ ಮಹಿಳೆಯರೂ ಹೊಸ್ತಿಲು ದಾಟಿದರು!

ಈ 'ಊ'ಕಾರವೇ ನನಗೆ ಚುಚ್ಚುವುದು. ಎರೆಹೊಲದಲ್ಲಿ ಕಳೆ ಕೀಳುವ ಹೆಣ್ಣುಮಗಳಿಗೆ ಹೊಸ್ತಿಲು ಯಾವತ್ತು ಅಡ್ಡವಿತ್ತು? ಬೀಜ ಆರಿಸಿ, ಒಣಗಿಸಿ, ಬೂದಿಯನ್ನೋ ಬೇವಿನ ಸೊಪ್ಪನ್ನೋ ಬೆರೆಸಿ ಗಡಿಗೆಯಲ್ಲಿ ಕಾಪಿಡುವ ವಿದ್ಯೆಗೆ ಜಾತಿ ಧರ್ಮಗಳ ಬೇಲಿ ಇರಲಿಲ್ಲ. ಅಂಗಡಿಯ ಬೀಜದ ಪೊಟ್ಟಣ ಬಂದ ಮೇಲೆ ಆ ಗಡಿಗೆ ಬರಿದಾಯಿತು. ಅದನ್ನು ಮತ್ತೆ ತುಂಬುವುದೆಂದರೆ ಮುಂದಿನ ವರ್ಷ ಏನು ಬಿತ್ತಬೇಕೆಂದು ತೀರ್ಮಾನಿಸುವ ಹಕ್ಕನ್ನು ಮರಳಿ ಪಡೆಯುವುದು. ನಗುಮುಖದ ಚಿತ್ರ ಈ ಹಕ್ಕನ್ನು ಮರೆಸಿ ಸೆರಗನ್ನಷ್ಟೇ ತೋರಿಸಿದರೆ, ಅದು ಹೊಗಳಿಕೆಯ ರೂಪದ ಅವಜ್ಞೆ.

ಬೇರೆ ದಾರಿ ಇಲ್ಲವೆಂದಲ್ಲ. ಪತ್ರಕರ್ತ ಪಿ. ಸಾಯಿನಾಥ್ 1993ರಿಂದ 2002ರವರೆಗೆ ಹತ್ತು ರಾಜ್ಯಗಳಲ್ಲಿ ತಿರುಗಿ ಗ್ರಾಮೀಣ ಹೆಣ್ಣುಮಕ್ಕಳ ದುಡಿಮೆಯನ್ನು ಸೆರೆಹಿಡಿದರು. 'ವಿಸಿಬಲ್ ವರ್ಕ್, ಇನ್‌ವಿಸಿಬಲ್ ವಿಮೆನ್' ಎಂಬ ಆ ಪ್ರದರ್ಶನದಲ್ಲಿ ಒಂಟಿ ಚಿತ್ರಕ್ಕೆ ಕಿರೀಟವಿಲ್ಲ. ಚಿತ್ರದ ಪಕ್ಕಕ್ಕೆ ಚಿತ್ರ, ಜೊತೆಗೆ ಬರಹ. ಗದ್ದೆಯಲ್ಲಿ ಬಾಗಿದ ಬೆನ್ನು ಅಲ್ಲಿ ಸೌಂದರ್ಯವಲ್ಲ, ಲೆಕ್ಕ: ದಿನಕ್ಕೆ ಎಷ್ಟು ಹೊತ್ತು ಬಾಗಬೇಕು, ಯಾರಿಗಾಗಿ ಬಾಗಬೇಕು? ಅದಕ್ಕಿಂತ ಮುಖ್ಯ, ಆ ಚಿತ್ರಗಳು ಬಸ್ ನಿಲ್ದಾಣ, ರೈಲು ನಿಲ್ದಾಣ, ಕಾರ್ಖಾನೆಯ ಗೇಟು, ಕೂಲಿಕಾರರ ಸಭೆಗಳಿಗೂ ಹೋದವು. ದುಡಿಯುವವರೇ ಅಲ್ಲಿ ನೋಡುಗರಾದರು, ತೀರ್ಪುಗಾರರೂ ಆದರು.

ಸ್ಪರ್ಧೆಗಳು ಬೇಡವೆನ್ನುವುದು ನನ್ನ ವಾದವಲ್ಲ. ತೀರ್ಪಿನ ಅಳತೆಗೋಲು ಬದಲಾಗಲಿ. ಬೆಳಕು ನೆರಳಿನ ಜೊತೆ ಚಿತ್ರದಲ್ಲಿ ಕೆಲಸ ಕಾಣುತ್ತದೆಯೇ ಎಂದೂ ಕೇಳಲಿ. ತೀರ್ಥದ ಬೀಜದ ಚಿತ್ರ ತೆಗೆಯುವವರು ಅದನ್ನು ಮೊದಲು ಕುಂದಗೋಳದ ಬಸ್ ನಿಲ್ದಾಣದಲ್ಲಿ, ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ತೂಗುಹಾಕಲಿ. ತೂಕದ ಕಾಟಾದ ಎದುರು ನಿಂತ ರೈತ ಮಹಿಳೆ ಅದನ್ನು ನೋಡಿ 'ಹೌದು, ಇದು ನಮ್ಮ ಕೆಲಸ' ಅಂದರೆ, ಆ ಚಿತ್ರ ಗೆದ್ದಂತೆ.