ಕಣ್ಣೀರಿಗೆ ಎಷ್ಟು ಅಂಕ?

ಟಿ.ವಿ.ಯಲ್ಲಿ ಹಾಡಿನ ಸ್ಪರ್ಧೆ ಬಂದ ಮಾರನೆಯ ದಿನ ನಮ್ಮ ಗುತ್ತೂರಿನಲ್ಲಾಗಲಿ, ಹರಿಹರ-ದಾವಣಗೆರೆ ಬಸ್ಸಿನಲ್ಲಾಗಲಿ ಹೆಂಗಸರ ಬಾಯಲ್ಲಿ ಅದೇ ಮಾತು. "ಆ ಹುಡುಗನ ಕಥೆ ಕೇಳಿ ಅಳು ಬಂತು ನೋಡ್ರಿ" ಎನ್ನುವವರು ಹತ್ತು ಜನ ಸಿಕ್ಕರೆ, "ಚರಣದಲ್ಲಿ ದನಿ ಎಷ್ಟು ಚೆನ್ನಾಗಿ ಏರಿಸಿದ" ಎನ್ನುವವರು ಒಬ್ಬರು ಸಿಗುವುದೂ ಕಷ್ಟ. ಅತ್ತದ್ದು ನೆನಪಿದೆ, ಹಾಡು ಯಾವುದೆಂದರೆ ನೆನಪಿಲ್ಲ. ಹಾಡಿನ ಸ್ಪರ್ಧೆ ನೋಡಿದ ಮೇಲೂ ಹಾಡು ಮನಸ್ಸಿನಲ್ಲಿ ಉಳಿಯದಿದ್ದರೆ ಎಲ್ಲೋ ಏನೋ ತಪ್ಪಿದೆ ಎಂದೇ ಅರ್ಥ.

ತಪ್ಪು ನೋಡುವವರದಷ್ಟೇ ಎನ್ನಲಾರೆ. ಈ ಕಾರ್ಯಕ್ರಮಗಳನ್ನು ಕಟ್ಟುವ ರೀತಿಯೇ ಹಾಗಿದೆ. ಹಾಡು ಶುರುವಾಗುವ ಮೊದಲೇ ಮನೆ ತೋರಿಸುತ್ತಾರೆ. ಸೋರುವ ಮಾಡು, ಕೂಲಿಗೆ ಹೋಗುವ ತಾಯಿ, ತೀರಿಹೋದ ತಂದೆಯ ಫೋಟೊ. ಅದರ ಹಿಂದೆ ಒಂದು ಪಿಟೀಲಿನ ಶೋಕ. ಆಮೇಲೆ ಹಾಡು. ಪಲ್ಲವಿ ಮುಗಿದು, ಹಾಡುಗಾರನ ನಿಜವಾದ ಪರೀಕ್ಷೆ ಇರುವ ಚರಣಕ್ಕೆ ಬರುವಷ್ಟರಲ್ಲಿ ಕ್ಯಾಮೆರಾ ತಾಯಿಯ ಮುಖಕ್ಕೆ ತಿರುಗಿರುತ್ತದೆ. ಕಣ್ಣು ಹೋದ ಕಡೆ ಕಿವಿಯೂ ಹೋಗುತ್ತದೆ. ಶ್ರುತಿ ಸ್ವಲ್ಪ ಜಾರಿದರೂ ಗೊತ್ತಾಗುವುದಿಲ್ಲ. ಅದ್ಭುತವಾಗಿ ನಿಂತರೂ ಗೊತ್ತಾಗುವುದಿಲ್ಲ. ಇದರಲ್ಲಿ ಎರಡನೆಯ ನಷ್ಟವೇ ದೊಡ್ಡದು.

ಜೀ ಕನ್ನಡದ 'ಸರಿಗಮಪ'ವನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಹೆಚ್ಚು ಮನೆಗಳಲ್ಲಿ ನೋಡುವುದು ಅದನ್ನೇ. ರಾಜೇಶ್ ಕೃಷ್ಣನ್, ವಿಜಯ್ ಪ್ರಕಾಶ್, ಅರ್ಜುನ್ ಜನ್ಯ ತೀರ್ಪುಗಾರರಾಗಿ, ಹಂಸಲೇಖ ಅವರು ಮಹಾಗುರುಗಳಾಗಿ ಕೂತ ಆ ವೇದಿಕೆ ಎಷ್ಟೋ ಸಣ್ಣ ಊರುಗಳ ಮಕ್ಕಳಿಗೆ ಬಾಗಿಲು ತೆರೆಯಿತು. ಅದಿಲ್ಲದಿದ್ದರೆ ಆ ದನಿಗಳು ಗಣಪತಿ ಪೆಂಡಾಲಿನಲ್ಲೇ ಮುಗಿಯುತ್ತಿದ್ದವು. ಆ ಋಣ ಇದ್ದೇ ಇದೆ. ಆದರೆ ಬಾಗಿಲು ತೆರೆದವರು ಒಳಗೆ ಬಂದವರನ್ನು ಹೇಗೆ ಕಂಡರು ಎಂದೂ ಕೇಳಬೇಕಲ್ಲ.

2017ರ ಮಾರ್ಚ್‌ನಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಸುಹಾನಾ ಸೈಯದ್ ಎಂಬ ಹುಡುಗಿ ಹಿಜಾಬ್ ಧರಿಸಿ ಬಂದು 'ಗಜ' ಚಿತ್ರದ ಭಕ್ತಿಗೀತೆಯೊಂದನ್ನು ಹಾಡಿದಳು. ಮರುದಿನದಿಂದ ಫೇಸ್‌ಬುಕ್‌ನಲ್ಲಿ ಬೈಗುಳ ಶುರುವಾಯಿತು. ಪರಪುರುಷರ ಎದುರು ಹಾಡಿದಳು, ಮನೆತನದ ಮಾನ ಕಳೆದಳು ಎಂದು ಕೆಲವರು ಬರೆದರು. ಆಕೆಯ ಪರವಾಗಿ ನಿಂತವರೂ ಬಹಳ ಜನ. ಆಕೆ ಭಾವೈಕ್ಯದ ಸಂಕೇತ ಎಂದರು. ವೇದಿಕೆಯ ಮೇಲಿನ ಹೊಗಳಿಕೆಯಲ್ಲೂ ಐಕ್ಯದ ಮಾತೇ ಮುಂದಾಯಿತು. ಬೈದವರನ್ನೂ ಹೊಗಳಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ಆದರೂ ಇಬ್ಬರೂ ನೋಡಿದ್ದು ಆಕೆಯ ತಲೆಯ ಮೇಲಿನ ಬಟ್ಟೆಯನ್ನು. ಹಾಡಲು ಬಂದ ಹುಡುಗಿಗೆ ಬೇಕಾಗಿದ್ದದ್ದು ಮೇಲಿನ ಸ್ಥಾಯಿಯಲ್ಲಿ ಉಸಿರು ಸಾಲುತ್ತದೆಯೇ, ಕೆಳಗೆ ದನಿ ತುಂಬಿ ಬರುತ್ತದೆಯೇ ಎಂದು ಹೇಳುವವರು. ಸಂಕೇತವಾಗುವುದು ದೊಡ್ಡ ಗೌರವವಿರಬಹುದು; ಆದರೆ ಸಂಕೇತಕ್ಕೆ ಯಾರೂ ಸಂಗೀತ ಕಲಿಸುವುದಿಲ್ಲ.

ಇನ್ನು ಹನುಮಂತನ ವಿಷಯ. ಹರಿಹರದ ಸೇತುವೆ ದಾಟಿದರೆ ತುಂಗಭದ್ರೆಯ ಆಚೆ ಹಾವೇರಿ ಜಿಲ್ಲೆ. ಅಲ್ಲಿಯ ಸವಣೂರು ತಾಲ್ಲೂಕಿನ ಚಿಲ್ಲೂರ ಬಡ್ನಿಯ ಹುಡುಗ ಅವನು. ಹಾಗಾಗಿ ನಮ್ಮ ಓಣಿಯವರಿಗೆಲ್ಲ ಅವನು ಮನೆಯ ಮಗನಿದ್ದಂತೆ. ಕುರಿ ಕಾಯುತ್ತಿದ್ದ ಲಂಬಾಣಿ ಹುಡುಗ, ಲುಂಗಿ ಉಟ್ಟು ಹೆಗಲ ಮೇಲೆ ಟವೆಲ್ ಹಾಕಿಕೊಂಡು 2018ರಲ್ಲಿ ಶುರುವಾದ 15ನೆಯ ಆವೃತ್ತಿಯ ವೇದಿಕೆ ಹತ್ತಿದ. 2019ರಲ್ಲಿ ಅದು ಮುಗಿದಾಗ ಕೀರ್ತನ್ ಹೊಳ್ಳ ಮೊದಲನೆಯವನು, ಹನುಮಂತ ಎರಡನೆಯವನು. "ಬಡವರ ಹುಡುಗನಿಗೆ ಮೋಸ ಆತು" ಎಂದು ಅಂದು ಸಿಟ್ಟಾದವರು ಬಹಳ.

ನನಗೆ ಹಾಗನ್ನಿಸಲಿಲ್ಲ. ಕೀರ್ತನ್‌ನದು ತಾಲೀಮಿನ ದನಿ. ಮೆಲುದನಿಯ ಸಿನಿಮಾ ಹಾಡಾಗಲಿ, ಶಾಸ್ತ್ರೀಯದ ಬನಿ ಇರುವ ಹಾಡಾಗಲಿ, ಸ್ವರ ಅಲುಗದೆ ನಿಲ್ಲುತ್ತಿತ್ತು. ಕೆಲವೊಮ್ಮೆ ತುಸು ಅತಿ ಅಚ್ಚುಕಟ್ಟು ಅನ್ನಿಸುತ್ತಿತ್ತು, ಅಷ್ಟೆ. ಹನುಮಂತನ ಶಕ್ತಿಯೇ ಬೇರೆ. ತತ್ವಪದ, ಜಾನಪದ ಎಂದರೆ ಗಂಟಲು ಬಿಚ್ಚಿಕೊಳ್ಳುತ್ತಿತ್ತು. ಎತ್ತರದ ಸ್ವರಕ್ಕೆ ಮೆಟ್ಟಿಲು ಹುಡುಕದೆ ನೇರ ಹೋಗಿ ನಿಲ್ಲುತ್ತಿದ್ದ. ಮಾತು ಒಂದೊಂದೂ ಸ್ಪಷ್ಟ. ಸವಣೂರಿನ ಪಕ್ಕದ ಶಿಗ್ಗಾವಿ ತಾಲ್ಲೂಕಿನಲ್ಲೇ ಶಿಶುನಾಳ ಶರೀಫರ ಊರು. ಆ ನೆಲದಲ್ಲಿ ಪದ ಎಂದರೆ ಅರ್ಥ ತಿಳಿಯುವಂತೆ ಹೇಳಬೇಕಾದ ಮಾತು. ಆದರೆ ಸಣ್ಣ ಸಣ್ಣ ತಿರುವುಗಳಿರುವ ಸಿನಿಮಾ ಹಾಡಿನಲ್ಲಿ, ದನಿ ತಗ್ಗಿಸಿ ಹಾಡಬೇಕಾದಲ್ಲಿ ಅವನು ತಡವರಿಸುತ್ತಿದ್ದ. ಸ್ಪರ್ಧೆ ಇದ್ದದ್ದು ಬಹುಪಾಲು ಸಿನಿಮಾ ಹಾಡಿನದು. ಆ ಅಳತೆಗೋಲಿನಲ್ಲಿ ಎರಡನೆಯ ಸ್ಥಾನ ಸರಿಯೇ. ಪ್ರಶ್ನಿಸಬೇಕಾದ್ದು ಅಳತೆಗೋಲನ್ನು. ಜಾನಪದಕ್ಕೆ ಒಂದು ಸುತ್ತು ಮೀಸಲಿಟ್ಟು, ಉಳಿದೆಲ್ಲ ಸುತ್ತುಗಳಲ್ಲಿ ಅದನ್ನು ಬಿಟ್ಟು ಬಾ ಎಂದರೆ ಹೊಲದ ದನಿಗೆ ನ್ಯಾಯ ಎಲ್ಲಿ?

ಇದನ್ನು ಬಿಟ್ಟು ನಾವು ಮಾತಾಡಿದ್ದು ಅವನ ಮುಗ್ಧತೆಯ ಬಗ್ಗೆ. ಅವನು ಮಾತಾಡಿದರೆ ನಗು, ನಾಚಿದರೆ ಚಪ್ಪಾಳೆ. 2025ರ ಜನವರಿಯಲ್ಲಿ ಅದೇ ಹನುಮಂತ ಬಿಗ್ ಬಾಸ್ 11ನೆಯ ಆವೃತ್ತಿ ಗೆದ್ದ. ನನಗೂ ಸಂತೋಷವೇ ಆಯಿತು. ಆದರೆ ಅದು ಸ್ವಭಾವದ ಸ್ಪರ್ಧೆ, ಗೆಲ್ಲುವುದಕ್ಕೆ ಅಲ್ಲಿ ಹಾಡಬೇಕಾಗಿಲ್ಲ. ಹಾಡಿನ ವೇದಿಕೆಯಲ್ಲೂ ನಾವು ಅವನ ಸ್ವಭಾವಕ್ಕೇ ಓಟು ಹಾಕುತ್ತಿದ್ದೆವಲ್ಲ, ಹಾಗಾದರೆ ಆ ಗಂಟಲನ್ನು ಕೇಳಿದವರು ಯಾರು?

ಕಥೆಯೇ ಬೇಡ ಎನ್ನುವಷ್ಟು ಕಲ್ಲುಮನಸ್ಸು ನನ್ನದಲ್ಲ. ಮಧುಗಿರಿ ಕಡೆಯ ಅಂಧ ಸಹೋದರಿಯರು ರತ್ನಮ್ಮ, ಮಂಜಮ್ಮ ದೇವಸ್ಥಾನದ ಮುಂದೆ ಹಾಡಿ ಹೊಟ್ಟೆ ಹೊರೆಯುತ್ತಿದ್ದವರು. ಅವರು 'ಸರಿಗಮಪ'ಕ್ಕೆ ಬಂದ ಮೇಲೆ 2020ರಲ್ಲಿ ನಟ ಜಗ್ಗೇಶ್ ಮುಂದೆ ನಿಂತು ಅವರಿಗೊಂದು ಮನೆ ಕಟ್ಟಿಸಿಕೊಟ್ಟರು. ಬಹಳ ಒಳ್ಳೆಯ ಕೆಲಸ. ಆದರೆ ಮನೆ ಬೇರೆ, ಅಂಕ ಬೇರೆ. ಉತ್ತರಪತ್ರಿಕೆ ತಿದ್ದುವಾಗ ಆ ಹುಡುಗಿ ಬೆಳಿಗ್ಗೆ ಏನು ಉಂಡು ಬಂದಳು ಎಂದು ನೋಡಿ ಅಂಕ ಕೊಡುವುದಿಲ್ಲ. ಉಣ್ಣದೆ ಬಂದಿದ್ದರೆ ಊಟ ಕೊಡಿಸಬೇಕು. ಅಂಕ ಬರೆದದ್ದಕ್ಕೇ ಕೊಡಬೇಕು. ಊಟದ ಬದಲು ಅಂಕ ಕೊಟ್ಟರೆ ಅವಳ ಹಸಿವೂ ತೀರಲಿಲ್ಲ, ವಿದ್ಯೆಯೂ ಹತ್ತಲಿಲ್ಲ.

ಮದುವೆಯಾದ ಹೆಣ್ಣುಮಗಳು ಹಾಡಲು ಬಂದಳೆಂದರೆ ಇನ್ನೊಂದು ತಮಾಷೆ. ಹಾಡು ಮುಗಿದ ಕೂಡಲೇ ಮೈಕು ಗಂಡನ ಕೈಗೆ ಹೋಗುತ್ತದೆ. "ಮದುವೆಯಾದ ಮೇಲೂ ಹಾಡಲು ಬಿಟ್ಟಿದ್ದೀರಲ್ಲ, ನಿಮ್ಮದು ದೊಡ್ಡ ಮನಸ್ಸು" ಎಂದು ಚಪ್ಪಾಳೆ. ಮಗುವನ್ನು ಮಲಗಿಸಿ, ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿಯ ನಡುವೆ ಅಭ್ಯಾಸ ಮಾಡಿದವಳು ಅವಳು. ಅಭಿನಂದನೆ ಅನುಮತಿ ಕೊಟ್ಟವನಿಗೆ! ಗಂಡಸು ಹಾಡಿದಾಗ ಹೆಂಡತಿಗೆ ಯಾರೂ ಹೀಗೆ ಕೈಮುಗಿದದ್ದನ್ನು ನಾನು ನೋಡಿಲ್ಲ.

ಬೇರೆ ದಾರಿ ಇಲ್ಲವೇ ಎಂದರೆ, ಇತ್ತು. ಆಗಿನ ಈಟಿವಿ ಕನ್ನಡದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸುತ್ತಿದ್ದ 'ಎದೆ ತುಂಬಿ ಹಾಡುವೆನು' ನೆನಪಿದೆಯಲ್ಲ? ಅವರೂ ಮಕ್ಕಳನ್ನು ಕೊಂಡಾಡುತ್ತಿದ್ದರು, ನಗಿಸುತ್ತಿದ್ದರು. ಆದರೆ ತಪ್ಪಿದ ಸ್ವರವನ್ನು ತಾವೇ ಹಾಡಿ ತೋರಿಸುತ್ತಿದ್ದರು. ಅಕಾರ-ಹಕಾರ, ಅಲ್ಪಪ್ರಾಣ-ಮಹಾಪ್ರಾಣ ತಿದ್ದುತ್ತಿದ್ದರು. ಕವಿ ಈ ಮಾತು ಯಾಕೆ ಬರೆದ ಎಂದು ಕೇಳುತ್ತಿದ್ದರು. ಮನೆಮಾತು ತೆಲುಗಾದ ಆ ಮಹಾನುಭಾವರಿಗೆ ಕನ್ನಡದ ಉಚ್ಚಾರದ ಮೇಲಿದ್ದ ಶ್ರದ್ಧೆ ನೋಡಿ ನಾವು ನಾಚಬೇಕಿತ್ತು. ಸೋತು ಮನೆಗೆ ಹೋದ ಮಗುವಿನ ಕೈಯಲ್ಲೂ ಕಲಿತ ಒಂದು ಪಾಠ ಇರುತ್ತಿತ್ತು. 2020ರ ಸೆಪ್ಟೆಂಬರ್ 25ರಂದು ಅವರು ತೀರಿಕೊಂಡಾಗ ಎಷ್ಟೋ ಮನೆಗಳಲ್ಲಿ ಮೇಷ್ಟರನ್ನು ಕಳೆದುಕೊಂಡ ದುಃಖ ಆವರಿಸಿತ್ತು.

ಅದಕ್ಕೂ ಹಿಂದೆ ಆಕಾಶವಾಣಿ. ನಮ್ಮ ಕಡೆಯ ಹಾಡುಗಾರರು ಆಡಿಷನ್ನಿಗೆಂದು 1965ರಲ್ಲಿ ಶುರುವಾದ ಭದ್ರಾವತಿ ನಿಲಯಕ್ಕೆ ಹೋಗುತ್ತಿದ್ದರು. ಅಲ್ಲಿ ಪರೀಕ್ಷಕರಿಗೆ ಹಾಡುವವರ ಮುಖ ಕಾಣುವಂತಿರಲಿಲ್ಲ. ಬಡವರೋ ಸಿರಿವಂತರೋ, ಸೀರೆ ಯಾವುದೋ, ಜಾತಿ ಯಾವುದೋ, ಗೊತ್ತಾಗುತ್ತಿದ್ದದ್ದು ದನಿ ಒಂದೇ. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ನಾಟಕಗಳಲ್ಲಿ ಜನ ಮುಖ ನೋಡಿದರೂ ಹಾಡು ಹಿಡಿಸಿದರೆ ಮಾತ್ರ "ಒನ್ಸ್ ಮೋರ್" ಎನ್ನುತ್ತಿದ್ದರು. ನಟಿಯ ಮನೆಯ ಕಷ್ಟ ಕೇಳಿ ಒನ್ಸ್ ಮೋರ್ ಅಂದವರಿಲ್ಲ.

ಕ್ಯಾಮೆರಾವನ್ನು ನಾವು ತಿರುಗಿಸಲಾರೆವು; ಆದರೆ ಕಣ್ಣು ನಮ್ಮದೇ. ಚರಣ ಬಂದಾಗ ಒಂದು ನಿಮಿಷ ಬೇರೆ ಕಡೆ ನೋಡಿ, ಕಾಳು ಆರಿಸುತ್ತಲೇ ಕೇಳಿ. ಮನೆಯ ಮಕ್ಕಳನ್ನು "ಯಾರು ಗೆದ್ದರು?" ಎಂದು ಕೇಳುವ ಬದಲು "ಯಾವ ಸಾಲು ಚೆನ್ನಾಗಿತ್ತು?" ಎಂದು ಕೇಳಿ. ಹಾಡುವ ಆ ಹುಡುಗ ಹುಡುಗಿಯರು ನಮ್ಮ ಕಣ್ಣೀರು ಬೇಡಲು ಬಂದವರಲ್ಲ, ಹಾಡಲು ಬಂದವರು. ಅವರು ಬಂದ ಕೆಲಸಕ್ಕೆ ಕಿವಿ ಕೊಡುವುದಕ್ಕಿಂತ ದೊಡ್ಡ ಮರ್ಯಾದೆ ನಾವು ಕೊಡಬಲ್ಲದ್ದು ಇನ್ನೊಂದಿಲ್ಲ.