ತುಟಿಗೆ ಬಂದ ಹಾಡು, ತಿರುಗುಮುರುಗು ನಡಿಗೆ

ಮಕ್ಕಳು ಮಾಡಿದ ಕೆಲಸವನ್ನು ಮೆಚ್ಚುವುದು ಸುಲಭ, ವಿಮರ್ಶಿಸುವುದು ಕಷ್ಟ. ಸಂಘದ ವಾರ್ಷಿಕೋತ್ಸವದಲ್ಲಿ ಮಗು ರಂಗದ ಮೇಲೆ ಬಂದು ನಿಂತರೆ ಸಾಕು, ಸಭಿಕರ ಕೈಗಳು ತಾವಾಗಿ ಚಪ್ಪಾಳೆಗೆ ಏಳುತ್ತವೆ. ಅದು ತಪ್ಪೇನೂ ಅಲ್ಲ. ಆದರೆ ಬರಿಯ ಚಪ್ಪಾಳೆಯಿಂದ ಆ ಮಗುವಿಗೆ ತಾನು ಏನನ್ನು ಸಾಧಿಸಿದೆ, ಏನನ್ನು ಸಾಧಿಸಲಿಲ್ಲ ಎಂಬುದು ತಿಳಿಯುವುದಿಲ್ಲ. ವಿದ್ಯಾರ್ಥಿಗಳ ಕೃತಿಯನ್ನೂ ಹಿರಿಯರ ಕೃತಿಯಂತೆಯೇ ಎದುರಿಗಿಟ್ಟುಕೊಂಡು, ಇದು ಯಾವ ಪ್ರಕಾರಕ್ಕೆ ಸೇರಿದ್ದು, ಆ ಪ್ರಕಾರದ ಕಟ್ಟಳೆಗಳೇನು, ಎಲ್ಲಿ ಪಾಲಿಸಿದ್ದಾರೆ, ಎಲ್ಲಿ ಮೀರಿದ್ದಾರೆ ಎಂದು ಕೇಳುವುದೇ ಅವರಿಗೆ ಸಲ್ಲಬೇಕಾದ ನಿಜವಾದ ಗೌರವ.

ಅಂಥ ಒಂದು ಕೃತಿಯನ್ನು ಇಲ್ಲಿ ಪರಿಶೀಲಿಸಲು ನಾವು ಬಯಸುತ್ತೇವೆ. ಅದು ನಮ್ಮ ದೇಶದ್ದಲ್ಲ, ನಮ್ಮ ಭಾಷೆಯದೂ ಅಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ನಗರಕ್ಕೆ ಹೊಂದಿಕೊಂಡಿರುವ ಶೋರ್‌ಲೈನ್ ಎಂಬ ಊರಿನ ಶೋರ್‌ವುಡ್ ಪ್ರೌಢಶಾಲೆಯ ವಿದ್ಯಾರ್ಥಿಗಳು 2009ರ ಕೊನೆಯಲ್ಲಿ ತಯಾರಿಸಿದ ಹಾಡಿನ ಚಿತ್ರ ಅದು. ಆದರೂ ಅದನ್ನು ಕುರಿತು ಯೋಚಿಸುತ್ತ ಹೋದರೆ ಹೊರನಾಡಿನ ನಮ್ಮ ಮನೆಗಳದೇ ಒಂದು ಸಮಸ್ಯೆ ಎದುರಾಗುತ್ತದೆ.

ಮೊದಲು ಪ್ರಕಾರದ ವಿಷಯ. ಹಾಡಿಗೆ ಚಿತ್ರ ಕಟ್ಟುವ ಕಲೆಗೆ ಪಶ್ಚಿಮದವರು ‘ಮ್ಯೂಸಿಕ್ ವಿಡಿಯೋ’ ಎನ್ನುತ್ತಾರೆ. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಆರಂಭವಾದ ಮೇಲೆ ಅದಕ್ಕೊಂದು ಗಟ್ಟಿಯಾದ ರೂಢಿ ಬೆಳೆಯಿತು. ಹಾಡುಗಾರನ ಮುಖವೇ ಕೇಂದ್ರ. ತಾಳಕ್ಕೆ ತಕ್ಕಂತೆ ಕತ್ತರಿ. ಕ್ಷಣಕ್ಕೊಂದು ಉಡುಪು, ಕ್ಷಣಕ್ಕೊಂದು ಸ್ಥಳ. ಇದಕ್ಕೆ ಹಣ ಬೇಕು. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗಳು ಇದನ್ನೇ ಅನುಕರಿಸಲು ಹೊರಟರೆ ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಕಥೆಯಾಗುತ್ತದೆ.

ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯಾಗಿ ಒದಗಿದ್ದು ‘ಲಿಪ್ ಡಬ್’ ಎಂಬ ಉಪಪ್ರಕಾರ. ಆ ಹೆಸರನ್ನು 2006ರಲ್ಲಿ ಬಳಕೆಗೆ ತಂದವರು ವಿಮಿಯೋ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಜೇಕ್ ಲಾಡ್‌ವಿಕ್. 2007ರಲ್ಲಿ ನ್ಯೂಯಾರ್ಕಿನ ಒಂದು ಕಚೇರಿಯ ನೌಕರರು ತಮ್ಮ ಮೇಜುಕುರ್ಚಿಗಳ ನಡುವೆಯೇ ಇಂಥ ಚಿತ್ರವೊಂದನ್ನು ಮಾಡಿ ಹೆಸರಾದರು. 2008ರಲ್ಲಿ ಜರ್ಮನಿಯ ಫುರ್ಟ್‌ವಾಂಗೆನ್ನಿನ ವಿದ್ಯಾರ್ಥಿಗಳು ಇದನ್ನು ಕಾಲೇಜಿಗೆ ತಂದರು. 2009ರ ಸೆಪ್ಟೆಂಬರಿನಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ 172 ವಿದ್ಯಾರ್ಥಿಗಳು ಸೇರಿ ತಮ್ಮ ವಿಶ್ವವಿದ್ಯಾಲಯದ ಕಟ್ಟಡದಲ್ಲಿ ಮಾಡಿದ ಚಿತ್ರ ಲೋಕಪ್ರಸಿದ್ಧವಾಯಿತು.

ಮೂರೇ ವರ್ಷಗಳಲ್ಲಿ ಈ ಪ್ರಕಾರದ ಲಕ್ಷಣಗಳು ನಿಶ್ಚಿತವಾದವು. ಪ್ರಸಿದ್ಧವಾದ ಧ್ವನಿಮುದ್ರಿತ ಹಾಡನ್ನು ತೆಗೆದುಕೊಳ್ಳಬೇಕು. ಅದಕ್ಕೆ ತುಟಿಯಾಡಿಸಬೇಕು. ಕ್ಯಾಮೆರಾ ಎಲ್ಲಿಯೂ ನಿಲ್ಲದೆ ಓಣಿ, ಮೆಟ್ಟಿಲು, ಅಂಗಳಗಳನ್ನು ದಾಟಿ ಒಂದೇ ಓಟದಲ್ಲಿ ಚಿತ್ರ ಮುಗಿಸಬೇಕು, ಕತ್ತರಿ ಮುಟ್ಟಬಾರದು. ಹಾಡು ಒಬ್ಬರ ತುಟಿಯಿಂದ ಇನ್ನೊಬ್ಬರ ತುಟಿಗೆ ದಾಟುತ್ತ ಹೋಗಿ ಕೊನೆಗೆ ಎಲ್ಲರೂ ಒಟ್ಟಾಗಿ ಸೇರಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಎಷ್ಟೇ ಅಭ್ಯಾಸ ಮಾಡಿದ್ದರೂ ಇದೆಲ್ಲ ಆ ಗಳಿಗೆಯಲ್ಲಿ ತಾನಾಗಿ ಹುಟ್ಟಿದ ಸಂಭ್ರಮವೆಂಬಂತೆ ತೋರಬೇಕು.

ಪರರ ಕಂಠಕ್ಕೆ ತುಟಿಯಾಡಿಸುವುದು ನಮಗೆ ಹೊಸದಲ್ಲ. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ತಯಾರಿಸಿದ, ನಿತಿನ್ ಬೋಸ್ ನಿರ್ದೇಶನದ ‘ಭಾಗ್ಯಚಕ್ರ’ ಮತ್ತು ಅದರ ಹಿಂದಿ ರೂಪವಾದ ‘ಧೂಪ್ ಛಾಂವ್’ ಚಿತ್ರಗಳಿಂದ ಹಿನ್ನೆಲೆ ಗಾಯನ ನಮ್ಮ ಸಿನಿಮಾದಲ್ಲಿ ಬೇರೂರಿತು. ಪಿ. ಬಿ. ಶ್ರೀನಿವಾಸ್ ಅವರ ಕಂಠವೂ ರಾಜಕುಮಾರ್ ಅವರ ಮುಖವೂ ಬೇರೆಬೇರೆ ಎಂದು ತಿಳಿದಿದ್ದರೂ ಕನ್ನಡಿಗರು ವರ್ಷಗಟ್ಟಲೆ ಅವನ್ನು ಒಂದೇ ಎಂದು ನಂಬಿ ಆನಂದಿಸಿದರು. 1974ರ ‘ಸಂಪತ್ತಿಗೆ ಸವಾಲ್’ ಆದಮೇಲೆ ರಾಜಕುಮಾರ್ ಬಹುಮಟ್ಟಿಗೆ ತಾವೇ ಹಾಡತೊಡಗಿದಾಗಲೂ, ಚಿತ್ರೀಕರಣದ ಸ್ಥಳದಲ್ಲಿ ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಸೇರಿಸುವ ಕೆಲಸ ತಪ್ಪಲಿಲ್ಲ. ವ್ಯತ್ಯಾಸ ಇಷ್ಟೇ. ಸಿನಿಮಾದಲ್ಲಿ ಕಂಠ ಬೇರೆ ಎಂಬುದನ್ನು ಮರೆಸಬೇಕು. ಲಿಪ್ ಡಬ್‌ನಲ್ಲಿ ಮರೆಸುವ ಗೋಜೇ ಇಲ್ಲ. ಹದಿನಾರರ ಹುಡುಗಿಯ ಬಾಯಿಂದ ಗಂಡಸಿನ ದನಿ ಬಂದರೂ ಯಾರಿಗೂ ಮೋಸವಾಗುವುದಿಲ್ಲ. ಅದು ಆಟವೆಂದು ಆಡುವವರಿಗೂ ಗೊತ್ತು, ನೋಡುವವರಿಗೂ ಗೊತ್ತು.

ಇನ್ನು ನಮ್ಮ ಕೃತಿಗೆ ಬರೋಣ. ಶೋರ್‌ಲೈನಿನಲ್ಲಿ ಎರಡು ಪ್ರೌಢಶಾಲೆಗಳು. ಎರಡಕ್ಕೂ ಹಳೆಯ ಪೈಪೋಟಿ. 2009ರಲ್ಲಿ ಮೊದಲು ಶೋರ್‌ಕ್ರೆಸ್ಟ್ ಶಾಲೆಯವರು ಔಟ್‌ಕಾಸ್ಟ್ ತಂಡದ ‘ಹೇ ಯಾ’ ಎಂಬ ಹಾಡಿಗೆ ಒಂದೇ ಓಟದ ಲಿಪ್ ಡಬ್ ಮಾಡಿ ಎದುರು ಶಾಲೆಗೆ ಪಂಥ ಒಡ್ಡಿದರು. ಅದು ಪ್ರಕಾರದ ಕಟ್ಟಳೆಗಳನ್ನು ಅಚ್ಚುಕಟ್ಟಾಗಿ ಪಾಲಿಸಿದ ಕೃತಿ. ಶೋರ್‌ವುಡ್‌ನವರ ಮುಂದೆ ಎರಡು ದಾರಿಗಳಿದ್ದವು. ಅದನ್ನೇ ಇನ್ನಷ್ಟು ದೊಡ್ಡದಾಗಿ, ಇನ್ನಷ್ಟು ಜನರನ್ನು ಸೇರಿಸಿ ಮಾಡುವುದು ಒಂದು. ಕಟ್ಟಳೆಯನ್ನೇ ಮುಟ್ಟಿ ನೋಡುವುದು ಇನ್ನೊಂದು. ಅವರು ಎರಡನೆಯದನ್ನು ಆರಿಸಿಕೊಂಡರು. ಹಾಲ್ ಮತ್ತು ಓಟ್ಸ್ ಜೋಡಿಯ, 1980ರ ಆಲ್ಬಮ್ಮಿನಲ್ಲಿ ಬಂದ ‘ಯೂ ಮೇಕ್ ಮೈ ಡ್ರೀಮ್ಸ್’ ಹಾಡನ್ನು ತೆಗೆದುಕೊಂಡು, ಇಡೀ ಚಿತ್ರವನ್ನು ಹಿಂದುಮುಂದಾಗಿ ತೆಗೆದರು. ಅದೂ ಒಂದೇ ಓಟದಲ್ಲಿ.

ಇದರ ಕಷ್ಟ ಮೇಲುನೋಟಕ್ಕೆ ತಿಳಿಯದು. ಈ ತಂತ್ರದಲ್ಲಿ ಹಾಡಿನ ಕೊನೆಯೇ ಚಿತ್ರಣದ ಆರಂಭ. ಪಾತ್ರಧಾರಿ ಸಾಲಿನ ಕೊನೆಯ ಪದದ ಕೊನೆಯ ಧ್ವನಿಯಿಂದ ಮೊದಲಾಗಿ, ಅರ್ಥವೇ ಇಲ್ಲದ ಶಬ್ದಸರಣಿಯನ್ನು ಬಾಯಿಪಾಠ ಮಾಡಿ ತುಟಿಯಾಡಿಸಬೇಕು. ಆಮೇಲೆ ಚಿತ್ರವನ್ನು ತಿರುಗಿಸಿ ಓಡಿಸಿದಾಗ ಶಬ್ದ ಸರಿಯಾಗುತ್ತದೆ, ಲೋಕ ಮಾತ್ರ ತಿರುಗುಮುರುಗಾಗುತ್ತದೆ. ಎಸೆದದ್ದು ಕೈಗೆ ಮರಳುತ್ತದೆ, ನೆಲಕ್ಕೆ ಚೆಲ್ಲಿದ್ದು ಮೇಲೇಳುತ್ತದೆ.

ನಮ್ಮ ವರ್ಣಮಾಲೆಯನ್ನು ಬಲ್ಲವರಿಗೆ ಇಲ್ಲಿ ಒಂದು ಸ್ವಾರಸ್ಯ ಕಾಣುತ್ತದೆ. ನೋಡುವವರ ಕಣ್ಣು ತುಟಿಯ ತಪ್ಪನ್ನು ಹಿಡಿಯುವುದು ಹೆಚ್ಚಾಗಿ ಓಷ್ಠ್ಯಗಳಲ್ಲಿ, ಅಂದರೆ ಪವರ್ಗದಲ್ಲಿ. ಕಕಾರ ಗಂಟಲ ಬಳಿ ಹುಟ್ಟುತ್ತದೆ, ಕಣ್ಣಿಗೆ ಬೀಳದು. ಪ, ಬ, ಮಗಳಲ್ಲಿ ತುಟಿ ಮುಚ್ಚಲೇಬೇಕು. ಹಾಡಿನ ಹೆಸರನ್ನೇ ನೋಡಿ: ಮೇಕ್, ಮೈ, ಡ್ರೀಮ್ಸ್, ಮೂರು ಪದಗಳಲ್ಲೂ ಮಕಾರ. ಮಕಾರಕ್ಕೆ ಮುಚ್ಚಿದ ತುಟಿ ಮುಂದಿನಿಂದ ನೋಡಿದರೂ ಹಿಂದಿನಿಂದ ನೋಡಿದರೂ ಒಂದೇ. ಇದನ್ನು ತಿಳಿದು ಆರಿಸಿದರೋ ಅಥವಾ ಅದೃಷ್ಟವೋ, ಹಾಡು ಈ ತಂತ್ರಕ್ಕೆ ಒಗ್ಗುವಂಥದೇ ಆಗಿತ್ತು.

ಹಿಮ್ಮುಖ ಚಿತ್ರಣ ಇವರ ಶೋಧವಲ್ಲವೆಂಬುದನ್ನೂ ಹೇಳಬೇಕು. ಅದು ಸಿನಿಮಾದಷ್ಟೇ ಹಳೆಯದು. 1896ರಲ್ಲೇ ಲುಮಿಯೇರ್ ಸೋದರರು ಗೋಡೆ ಕೆಡಹುವ ಚಿತ್ರವನ್ನು ತಿರುಗಿಸಿ ಓಡಿಸಿ, ಬಿದ್ದ ಗೋಡೆ ಎದ್ದು ನಿಲ್ಲುವುದನ್ನು ತೋರಿಸಿದ್ದರು. ತುಟಿಯನ್ನೂ ಹಿಂದುಮುಂದಾಗಿಸುವ ಪ್ರಯೋಗ 1990ರ ದಶಕದ ನಡುವಿನಲ್ಲಿ, ಸ್ಪೈಕ್ ಜೋನ್ಸ್ ಅವರು ಫಾರ್‌ಸೈಡ್ ತಂಡದ ‘ಡ್ರಾಪ್’ ಹಾಡಿಗೆ ಮಾಡಿದ ಚಿತ್ರದಲ್ಲಿ ಬಂದಿತ್ತು. 2002ರಲ್ಲಿ ಕೋಲ್ಡ್‌ಪ್ಲೇ ತಂಡದ ‘ದ ಸೈಂಟಿಸ್ಟ್’ ಚಿತ್ರಕ್ಕಾಗಿ ಹಾಡುಗಾರ ಕ್ರಿಸ್ ಮಾರ್ಟಿನ್ ಇಡೀ ಹಾಡನ್ನು ಹಿಂದಿನಿಂದ ಕಲಿತಿದ್ದರು.

ಹಾಗಾದರೆ ಮಕ್ಕಳ ಸ್ವಂತದ್ದು ಏನು? ಎರಡು ಹಳೆಯ ವಸ್ತುಗಳನ್ನು ಸೇರಿಸಿ ಹೊಸ ಅಪಾಯವನ್ನು ತಂದುಕೊಂಡದ್ದು ಅವರ ಸ್ವಂತದ್ದು. ದುಡ್ಡಿರುವವರ ಚಿತ್ರದಲ್ಲಿ ಒಬ್ಬ ಹಾಡುಗಾರ ತಪ್ಪಿದರೆ ಅಷ್ಟನ್ನು ಮತ್ತೆ ತೆಗೆದು ಅಂಟಿಸಬಹುದು. ಇಲ್ಲಿ ಕತ್ತರಿಯಿಲ್ಲ. ಒಬ್ಬನ ತುಟಿ ತಪ್ಪಿದರೆ ಇಡೀ ಶಾಲೆ ಮತ್ತೆ ಮೊದಲಿನಿಂದ ನಡೆಯಬೇಕು. ಅದರಲ್ಲೂ, ಚಿತ್ರದಲ್ಲಿ ಎಲ್ಲರಿಗಿಂತ ಮೊದಲು ಕಾಣುವವನು ಚಿತ್ರಣದಲ್ಲಿ ಎಲ್ಲರಿಗಿಂತ ಕೊನೆಯವನು. ನಗುನಗುತ್ತ ಆರಂಭಿಸುವಂತೆ ಕಾಣುವ ಆ ಮುಖದ ಮೇಲೆ ಅಷ್ಟೂ ಜನರ ದುಡಿಮೆಯ ಭಾರ ಬಿದ್ದಿರುತ್ತದೆ. ಇದನ್ನು ತಿಳಿದು ನೋಡಿದರೆ ಆಟದೊಳಗಿನ ಶಿಸ್ತು ಅರ್ಥವಾಗುತ್ತದೆ.

ಕಟ್ಟಳೆಯನ್ನು ಅವರು ಮೀರಿದ್ದೂ ಇಲ್ಲಿಯೇ. ಲಿಪ್ ಡಬ್ ಪ್ರಕಾರ ‘ಇದು ತಾನಾಗಿ ಹುಟ್ಟಿದ್ದು’ ಎಂಬ ಸಣ್ಣ ಸುಳ್ಳನ್ನು ಹೇಳುತ್ತಲೇ ಇರುತ್ತದೆ. ಶೋರ್‌ವುಡ್‌ನ ಚಿತ್ರವನ್ನು ನೋಡಿದವರು ಯಾರೂ ಇದು ತಾನಾಗಿ ಹುಟ್ಟಿತೆಂದು ನಂಬಲಾರರು. ದುಡಿಮೆ ಎದ್ದು ಕಾಣುತ್ತದೆ; ಹಾಗೆ ಕಂಡರೂ ಸಂಭ್ರಮ ಕುಂದುವುದಿಲ್ಲ. ಒಂದೇ ಓಟ, ತುಟಿ, ಓಣಿ, ಗುಂಪು ಈ ನಾಲ್ಕನ್ನೂ ಉಳಿಸಿಕೊಂಡು, ಐದನೆಯದಾದ ಆ ಸುಳ್ಳನ್ನು ಮಾತ್ರ ಬಿಟ್ಟುಕೊಟ್ಟರು. ಎಲ್ಲವನ್ನೂ ಮುರಿದಿದ್ದರೆ ಯಾವುದನ್ನು ಮುರಿದರೆಂಬುದೇ ತಿಳಿಯುತ್ತಿರಲಿಲ್ಲ. ಸಂಪ್ರದಾಯವನ್ನು ಪ್ರಶ್ನಿಸುವವರು ಮೊದಲು ಅದರೊಳಗೆ ಗಟ್ಟಿಯಾಗಿ ನಿಂತಿರಬೇಕೆಂಬ ಮಾತಿಗೆ ಇದು ಒಳ್ಳೆಯ ನಿದರ್ಶನ.

ದೋಷಗಳೂ ಇವೆ. ‘ದ ಸೈಂಟಿಸ್ಟ್’ ಚಿತ್ರದಲ್ಲಿ ಹಿಮ್ಮುಖ ನಡೆಗೆ ಕಾರಣವುಂಟು. ಅಪಘಾತದಲ್ಲಿ ಪ್ರಿಯಳನ್ನು ಕಳೆದುಕೊಂಡವನು ಕಾಲವನ್ನೇ ಹಿಂದಕ್ಕೆ ಸರಿಸುತ್ತ ಅಪಘಾತದ ಮುಂಚಿನ ಗಳಿಗೆಗೆ ಹೋಗಿ ನಿಲ್ಲುತ್ತಾನೆ. ಅಲ್ಲಿ ತಂತ್ರವೇ ದುಃಖ. ಮಕ್ಕಳ ಚಿತ್ರದಲ್ಲಿ ಹಾಡು ಉಲ್ಲಾಸದ್ದು. ಅದು ಹಿಂದಕ್ಕೆ ನಡೆಯಬೇಕಾದ ಒಳಗಿನ ಕಾರಣ ಯಾವುದೂ ಇಲ್ಲ. ಎದುರು ಶಾಲೆಯನ್ನು ಗೆಲ್ಲಬೇಕೆಂಬ ಹೊರಗಿನ ಕಾರಣ ಮಾತ್ರ ಇದೆ. ಆದ್ದರಿಂದ ಬೆರಗು ಮೂಡುತ್ತದೆ, ಭಾವ ಉಳಿಯುವುದಿಲ್ಲ.

ಎರಡನೆಯ ದೋಷ ಪ್ರಕಾರಕ್ಕೇ ಅಂಟಿದ್ದು. ಲಿಪ್ ಡಬ್‌ನಲ್ಲಿ ಎಲ್ಲರೂ ನಗುವವರೇ. ಪರೀಕ್ಷೆಯಲ್ಲಿ ನಪಾಸಾದವನು, ಗೆಳೆಯರಿಲ್ಲದ ಹುಡುಗಿ, ಮೂಲೆಯಲ್ಲಿ ಸುಮ್ಮನೆ ಕುಳಿತವನು ಆ ಓಣಿಯಲ್ಲಿ ಸಿಗುವುದಿಲ್ಲ. ಸಂಸ್ಥೆ ತನ್ನ ಬಗ್ಗೆ ತಾನೇ ಹೊರಡಿಸಿದ ಜಾಹೀರಾತಿನ ಛಾಯೆ ಈ ಬಗೆಯ ಚಿತ್ರಗಳಿಗೆಲ್ಲ ಇದೆ. ಶೋರ್‌ವುಡ್‌ನವರು ಕಾಲವನ್ನು ತಿರುಗಿಸಿದರೇ ಹೊರತು ಈ ನಗುವಿನ ಕಟ್ಟಳೆಯನ್ನು ಮುಟ್ಟಲಿಲ್ಲ.

ಆದರೂ ಕೃತಿಯ ಬೆಲೆ ಕಡಿಮೆಯಾಗದು. ಅದಾದ ಕೆಲವು ವರ್ಷಗಳಲ್ಲಿ ಎರಡೂ ಶಾಲೆಗಳಿಗೆ ಹೊಸ ಕಟ್ಟಡಗಳು ಬಂದವು. ಅಂದು ಮಕ್ಕಳು ಸುತ್ತಾಡಿದ ಹಳೆಯ ಶಾಲೆ ಇಂದು ನೋಡಸಿಗುವುದು ಇಂಥ ಚಿತ್ರಗಳಲ್ಲಿಯೇ. ಲುಮಿಯೇರರ ಗೋಡೆಯಂತೆ ಅದೂ ಪರದೆಯ ಮೇಲೆ ಮತ್ತೆ ಎದ್ದು ನಿಲ್ಲುತ್ತದೆ.

ಇನ್ನು ನಮ್ಮ ಮನೆಯ ಮಾತು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿ, ಎಲ್ಲಿಯಾದರೂ ಸರಿ, ರಾಜ್ಯೋತ್ಸವದ ವೇದಿಕೆಯಲ್ಲಿ ರೆಕಾರ್ಡ್ ಡ್ಯಾನ್ಸ್ ಇಲ್ಲದ ವರ್ಷವಿಲ್ಲ. ಕನ್ನಡ ಓದಲು ಬಾರದ ಮಗು ಕನ್ನಡ ಹಾಡಿನ ಸಾಲನ್ನು ದೇವನಾಗರಿಯಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಬರೆದುಕೊಂಡು ತುಟಿಯಾಡಿಸುತ್ತದೆ. ಚೆನ್ನೈಯಲ್ಲಿ ತಮಿಳು ಲಿಪಿಯಲ್ಲಿ ಬರೆದುಕೊಂಡರೆ ಪಕಾರ ಬಕಾರಗಳಿಗೆ ಒಂದೇ ಅಕ್ಷರ; ತುಟಿಗೂ ಅವೆರಡೂ ಒಂದೇ ಆದ್ದರಿಂದ ಸಭಿಕರಿಗೆ ತಪ್ಪು ಕಾಣುವುದೇ ಇಲ್ಲ. ಶೋರ್‌ವುಡ್‌ನ ಹುಡುಗರು ಬಾಯಿಪಾಠ ಮಾಡಿದ ಅರ್ಥವಿಲ್ಲದ ಶಬ್ದಸರಣಿಗೂ ಇದಕ್ಕೂ ಏನು ಭೇದ? ಭೇದ ಇದೆ, ಅದೂ ನಮಗೆ ಅನುಕೂಲವಾದುದಲ್ಲ. ಆ ಮಕ್ಕಳಿಗೆ ಹಾಡಿನ ಅರ್ಥ ಮೊದಲೇ ಗೊತ್ತಿತ್ತು. ಆಟಕ್ಕಾಗಿ ಅದನ್ನು ಶಬ್ದವಾಗಿ ಒಡೆದರು, ಚಿತ್ರ ತಿರುಗಿದಾಗ ಅರ್ಥ ಮರಳಿ ಬಂತು. ನಮ್ಮ ಮಗುವಿನ ತುಟಿಯ ಮೇಲೆ ಶಬ್ದವಿದೆ. ಅದನ್ನು ತಿರುಗಿಸಿ ಅರ್ಥಕ್ಕೆ ತಲುಪಿಸುವವರು ಯಾರೂ ಇಲ್ಲ.

ಹಾಗೆಂದು ತುಟಿಯಾಡಿಸುವುದನ್ನೇ ಬಿಡಿಸಬೇಕೆಂದು ನಾವು ಹೇಳುವುದಿಲ್ಲ. ಭಾಷೆ ಎಷ್ಟೋ ಸಲ ಬಾಯಿಗೆ ಮೊದಲು ಬಂದು ಬುದ್ಧಿಗೆ ಆಮೇಲೆ ಇಳಿಯುತ್ತದೆ. ನಮ್ಮ ಯಕ್ಷಗಾನದಲ್ಲಿ ಇದಕ್ಕೆ ದಾರಿ ಸಿದ್ಧವಾಗಿಯೇ ಇದೆ. ಪದ ಹೇಳುವವರು ಭಾಗವತರು; ಕುಣಿಯುವವನು ವೇಷಧಾರಿ. ಕಂಠ ಒಬ್ಬರದು, ದೇಹ ಇನ್ನೊಬ್ಬರದು. ಆದರೆ ಪದ ಮುಗಿದೊಡನೆ ವೇಷಧಾರಿ ತನ್ನದೇ ಮಾತಿನಲ್ಲಿ ಅರ್ಥ ಹೇಳಲೇಬೇಕು. ಕುಣಿದಷ್ಟಕ್ಕೆ ಪಾತ್ರ ಮುಗಿಯುವುದಿಲ್ಲ.

ನಮ್ಮ ಸಂಘಗಳ ಕಾರ್ಯಕರ್ತರಲ್ಲಿ ಒಂದು ಸೂಚನೆ. ರೆಕಾರ್ಡು ನಿಂತ ಮೇಲೆ ಮಗುವನ್ನು ಕೂಡಲೆ ಕೆಳಗಿಳಿಸಬೇಡಿ. ಮೈಕನ್ನು ಅದರ ಕೈಗೆ ಕೊಟ್ಟು, ಹಾಡಿನಲ್ಲಿ ಏನಿದೆ ಎಂದು ಎರಡು ವಾಕ್ಯ ಹೇಳಿಸಿ. ಕನ್ನಡ ತಡವರಿಸಲಿ, ನಡುವೆ ಹಿಂದಿಯೋ ಮರಾಠಿಯೋ ಬೆರೆಯಲಿ, ಅಡ್ಡಿಯಿಲ್ಲ. ಅದಕ್ಕಾಗಿ ತಾಯಿತಂದೆಯರು ಮನೆಯಲ್ಲಿ ಹಾಡನ್ನು ಬಿಡಿಸಿ ಹೇಳಬೇಕಾಗುತ್ತದೆ. ಅಜ್ಜಿಯನ್ನು ಫೋನಿನಲ್ಲಿ ಕೇಳಬೇಕಾಗಲೂಬಹುದು. ಆ ಎರಡು ವಾಕ್ಯಗಳಿಗೆ ಬೀಳುವ ಚಪ್ಪಾಳೆ ಆ ಮಗುವಿನ ಸ್ವಂತದ್ದಾಗಿರುತ್ತದೆ.