ಮೂರು ದಿನದ ಹನಿ ಯಾರ ನೆಮ್ಮದಿಗೆ?

ಕಣ್ಣಿನ ಪೊರೆಯ ಆಪರೇಷನ್ನಿಗೆ ಮೂರು ದಿನ ಮುಂಚಿನಿಂದಲೇ ಆ್ಯಂಟಿಬಯೋಟಿಕ್ ಡ್ರಾಪ್ಸ್ ಹಾಕಿಸುವ ರೂಢಿ ನಮ್ಮಲ್ಲಿ ಬೇರೂರಿದೆ. ಉದ್ದೇಶವೇನೋ ಒಳ್ಳೆಯದೇ. ಆಪರೇಷನ್ ಆದ ಕಣ್ಣಿನೊಳಗೆ ಕೀವಾಗುವ ಎಂಡಾಫ್ತಲ್ಮೈಟಿಸ್ ಅಪರೂಪದ್ದಾದರೂ ಬಂದರೆ ದೃಷ್ಟಿಯನ್ನೇ ಕಸಿಯಬಲ್ಲದು. ಅದನ್ನು ತರುವ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ರೋಗಿಯ ರೆಪ್ಪೆಯಂಚಿನಲ್ಲೇ ಬೀಡುಬಿಟ್ಟ ಸ್ಟೆಫೈಲೊಕಾಕಸ್ ಬಳಗದವು.

ಆದರೆ ಹನಿಗೆ ಬಗ್ಗುವವು ಸಾಯುತ್ತವೆ, ಬಗ್ಗದವು ಉಳಿದು ಹೆಚ್ಚುತ್ತವೆ. ಅಮೆರಿಕದಲ್ಲಿ ಕಣ್ಣಿನೊಳಕ್ಕೆ ಪದೇ ಪದೇ ಇಂಜೆಕ್ಷನ್ ಪಡೆಯುತ್ತಿದ್ದ 24 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ತೋರಿಸಿತು: ಪ್ರತಿ ಸಲವೂ ಹನಿ ಬಿದ್ದ ಕಣ್ಣಲ್ಲಿ ಔಷಧಕ್ಕೆ ಜಗ್ಗದ ತಳಿಗಳು ಮೇಲುಗೈ ಪಡೆದವು, ಹನಿ ಕಾಣದ ಇನ್ನೊಂದು ಕಣ್ಣಲ್ಲಿ ಹಾಗಾಗಲಿಲ್ಲ. ಪುಟ್ಟ ಅಧ್ಯಯನ, ನಿಜ. ಆದರೂ ಒಂದೇ ದೇಹದ ಎರಡು ಕಣ್ಣುಗಳನ್ನು ಹೋಲಿಸಿದ್ದರಿಂದ ಅದರ ಮಾತಿಗೆ ತೂಕವಿದೆ.

ಇಷ್ಟು ಬೆಲೆ ತೆತ್ತು ಪಡೆದ ಲಾಭವೇನು? ಯೂರೋಪಿನಲ್ಲಿ 16,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪ್ರಯೋಗ 2007ರಲ್ಲಿ ಹೇಳಿದ್ದಿಷ್ಟು: ಆಪರೇಷನ್ ಮುಗಿಯುವಾಗ ಕಣ್ಣಿನೊಳಕ್ಕೇ ಕೊಟ್ಟ ಸೆಫುರಾಕ್ಸಿಮ್‌ನಿಂದ ಸೋಂಕು ಸುಮಾರು ಐದು ಪಟ್ಟು ಇಳಿಯಿತು, ಮೇಲಿನಿಂದ ಹಾಕಿದ ಲೆವೊಫ್ಲಾಕ್ಸಸಿನ್ ಹನಿ ಹೇಳಿಕೊಳ್ಳುವಂಥದ್ದೇನೂ ಮಾಡಲಿಲ್ಲ. ಅಲ್ಲಿ ಹನಿ ಹಾಕಿದ್ದು ಆಪರೇಷನ್ನಿನ ಆಸುಪಾಸಿನಲ್ಲಿ ಮಾತ್ರ, ಮೂರು ದಿನವಲ್ಲ ಎಂದು ಹನಿಯ ಪಕ್ಷದವರು ವಾದಿಸಬಹುದು. ಹಾಗಾದರೆ ಮೂರು ದಿನದ ಹನಿಗೆ ಪುರಾವೆ ಒದಗಿಸುವ ಹೊಣೆ ಅವರದೇ. ಹನಿಯಿಂದ ಕಣ್ಣಿನ ಮೇಲ್ಮೈಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆಂದು ತೋರಿಸಿದರೆ ಸಾಲದು, ಸೋಂಕು ಕಡಿಮೆಯಾಗಬೇಕು.

ಇತ್ತ ಮಧುರೈಯ ಅರವಿಂದ ಕಣ್ಣಿನ ಆಸ್ಪತ್ರೆಯ ಬಳಗ ಆರು ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳ ಲೆಕ್ಕವನ್ನು 2017ರಲ್ಲಿ ಮುಂದಿಟ್ಟಿತು. ಕಣ್ಣಿನೊಳಗೆ ಒಮ್ಮೆ ಮಾಕ್ಸಿಫ್ಲಾಕ್ಸಸಿನ್ ಕೊಡಲು ಶುರುಮಾಡಿದ ಮೇಲೆ ಸೋಂಕಿನ ಪ್ರಮಾಣ ಶೇ. 0.07ರಿಂದ 0.02ಕ್ಕೆ ಇಳಿದಿತ್ತು. ಅದೂ ಆ್ಯಂಟಿಬಯೋಟಿಕ್ಕೇ ಅಲ್ಲವೇ ಎನ್ನಬಹುದು. ಹೌದು, ಆದರೆ ಬೇಕಾದ ಜಾಗದಲ್ಲಿ, ಭಾರೀ ಸಾಂದ್ರತೆಯಲ್ಲಿ, ಒಂದೇ ಸಲ.

ಮೇಲ್ಮೈಯನ್ನು ಶುಚಿಗೊಳಿಸಲು ಶೇ. 5ರ ಪೊವಿಡೋನ್ ಅಯೋಡಿನ್ ಇದೆ. 1991ರಿಂದಲೂ ಅದಕ್ಕೆ ಪುರಾವೆಯ ಬೆಂಬಲವುಂಟು, ಬೆಲೆ ಅಗ್ಗ, ಔಷಧಕ್ಕೆ ಜಗ್ಗದ ತಳಿಗಳನ್ನೂ ಬಿಡುವುದಿಲ್ಲ. ಹಾಕಿ ಎರಡು-ಮೂರು ನಿಮಿಷ ಕಾಯುವ ತಾಳ್ಮೆ ಬೇಕು, ಅಷ್ಟೇ. ಗಿಜಿಗುಡುವ ಥಿಯೇಟರಿನಲ್ಲಿ ಕಮ್ಮಿಬೀಳುವುದು ಆ ತಾಳ್ಮೆಯೇ.

ರೆಪ್ಪೆಯಲ್ಲೋ ಕಣ್ಣೀರಿನ ಚೀಲದಲ್ಲೋ ಮೊದಲೇ ಸೋಂಕಿದ್ದರೆ ಮಾತು ಬೇರೆ. ಅದನ್ನು ವಾಸಿಮಾಡಿಯೇ ಆಪರೇಷನ್ ಮಾಡಬೇಕು. ಉಳಿದವರಿಗೆ ಮೂರು ದಿನದ ಹನಿ ಬರಿಯ ಅಭ್ಯಾಸಬಲ. ಹಾಗೆಂದು ಡಾಕ್ಟರನ್ನು ಕೇಳದೆ ನೀವಾಗಿ ನಿಲ್ಲಿಸಬೇಡಿ, ಯಾಕೆಂದು ಕೇಳಿ. ಉಳಿದ ಬಾಟಲಿಯನ್ನು ಮಾತ್ರ ಮೊಮ್ಮಕ್ಕಳ ಮದ್ರಾಸ್ ಐಗೆ ಎತ್ತಿಡಬೇಡಿ. ಅದು ಹೆಚ್ಚಾಗಿ ವೈರಸ್ಸಿನಿಂದ ಬರುವಂಥದ್ದು, ಈ ಹನಿಗೆ ಅಲ್ಲಿ ಕೆಲಸವಿಲ್ಲ.